ಡಾಲ್ಫಿನ್ ನಿಜಕ್ಕೂ ನಗುತ್ತದೆಯೇ? ಕ್ರೂಸ್ ಪ್ರವಾಸದ ‘ಡಾಲ್ಫಿನ್ ಜೊತೆ ಈಜು’ ಮತ್ತು ಫಾರ್ವರ್ಡ್‌ಗಳ ಸತ್ಯಾಸತ್ಯತೆ

ತಿಳಿನೀಲಿ ನೀರು. ಲೈಫ್ ಜಾಕೆಟ್ ತೊಟ್ಟು ಸಾಲಾಗಿ ನಿಂತಿರುವ ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಚಿಕ್ಕವನ ಕೆನ್ನೆಗೆ ಮೂತಿ ಒತ್ತಿರುವ ಡಾಲ್ಫಿನ್. ಈ ಥರದ ಫೋಟೋ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಒಮ್ಮೆಯಾದರೂ ಬಂದಿರುತ್ತದೆ. ಅಮೆರಿಕದಲ್ಲಿರುವ ನಮ್ಮವರು ಫ್ಲಾರಿಡಾದಿಂದ ಕ್ರೂಸ್ ಹತ್ತಿ ಬಹಾಮಾಸ್‌ಗೋ ಮೆಕ್ಸಿಕೋಗೋ ಹೋಗಿ ಬಂದರೆ ಆಲ್ಬಮ್‌ನಲ್ಲಿ ಇಂಥದ್ದೊಂದು ಇದ್ದೇ ಇರುತ್ತದೆ.

ಓದುಗರೊಬ್ಬರು ನಮಗೆ ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಫೋಟೋದ ಕೆಳಗೆ ಉದ್ದನೆಯ ಬರಹವೂ ಇತ್ತು. ಡಾಲ್ಫಿನ್ ಸದಾ ನಗುವ ಪ್ರಾಣಿ, ಮನುಷ್ಯರಿಗೆ ಎಂದೂ ತೊಂದರೆ ಕೊಡುವುದಿಲ್ಲ, ಅದರ ತಲೆಯಿಂದ ಹೊರಡುವ ತರಂಗಗಳು ಆಟಿಸಂ ಇರುವ ಮಕ್ಕಳ ಮೆದುಳನ್ನು ಸರಿಪಡಿಸುತ್ತವೆ, ಭಾರತ ಸರ್ಕಾರ ಡಾಲ್ಫಿನ್‌ಗೆ ಮನುಷ್ಯನ ಸ್ಥಾನ ಕೊಟ್ಟಿದೆ, ಎಲ್ಲರಿಗೂ ಶೇರ್ ಮಾಡಿ.

ಜೊತೆಗೆ ಅವರ ಪ್ರಶ್ನೆ: “ಅಕ್ಕ ಭಾವ ಅಮೆರಿಕದಲ್ಲಿದ್ದಾರೆ. ಡಿಸೆಂಬರ್ ರಜೆಗೆ ಕ್ರೂಸ್ ಬುಕ್ ಮಾಡಿದ್ದಾರೆ. ಮಗನಿಗೆ ಏಳು ವರ್ಷ, ಆಟಿಸಂ ಇದೆ. ಈ ಮೆಸೇಜ್ ಓದಿದ ಮೇಲೆ ಅಮ್ಮ ದಿನಾ ಫೋನ್ ಮಾಡಿ, ಡಾಲ್ಫಿನ್ ಜೊತೆ ಮಗುವನ್ನ ಇಳಿಸಿ, ದುಡ್ಡಿನ ಮುಖ ನೋಡಬೇಡಿ ಅಂತಿದ್ದಾರೆ. ಅಕ್ಕ ಅರ್ಧ ಒಪ್ಪಿದ್ದಾಳೆ. ಇದು ನಿಜಾನಾ?”

ಚುಟುಕಾಗಿ ಉತ್ತರ: ಡಾಲ್ಫಿನ್ ಈಜು ಆಟಿಸಂ ಅನ್ನು ಗುಣಪಡಿಸುತ್ತದೆ ಎನ್ನಲು ಪುರಾವೆ ಇಲ್ಲ. ಡಾಲ್ಫಿನ್‌ನ ನಗು ನಗುವಲ್ಲ. ಅದು ಅಪಾಯವೇ ಇಲ್ಲದ ಪ್ರಾಣಿಯೂ ಅಲ್ಲ. ಭಾರತದ ಬಗ್ಗೆ ಹೇಳಿರುವುದು ಅರ್ಧ ಮಾತ್ರ ನಿಜ. ವಿವರವಾಗಿ ನೋಡೋಣ.

ಟಿಕೆಟ್ ಕೊಟ್ಟರೆ ಸಿಗುವುದೇನು?

ಕ್ರೂಸ್ ಹಡಗು ಒಂದು ಬಂದರಿನಲ್ಲಿ ಸಾಮಾನ್ಯವಾಗಿ ಬೆಳಗ್ಗೆ ನಿಂತು ಸಂಜೆ ಹೊರಡುತ್ತದೆ. ಆ ಹೊತ್ತಿನಲ್ಲಿ ಪ್ರಯಾಣಿಕರು ಹೋಗಿ ಬರುವ ಚಿಕ್ಕ ಪ್ರವಾಸಗಳಿಗೆ ಪ್ರತ್ಯೇಕ ಟಿಕೆಟ್. ಬಹಾಮಾಸ್‌ನ ನಸ್ಸಾವ್, ಮೆಕ್ಸಿಕೋದ ಕೊಸುಮೆಲ್ ಮುಂತಾದ ಕೆರಿಬಿಯನ್ ಕಡೆಯ ಬಂದರುಗಳಲ್ಲಿ ‘ಡಾಲ್ಫಿನ್ ಸ್ವಿಮ್’ ಈ ಪಟ್ಟಿಯಲ್ಲಿ ಬಹಳ ಬೇಡಿಕೆಯದ್ದು. ಒಬ್ಬರಿಗೆ ನೂರು ಡಾಲರ್ ದಾಟುವುದು ಸಾಮಾನ್ಯ. ಫೋಟೋ, ವಿಡಿಯೋಗೆ ಮತ್ತೆ ಬೇರೆ ದುಡ್ಡು, ಏಕೆಂದರೆ ಹೆಚ್ಚಿನ ಕಡೆ ನಿಮ್ಮ ಫೋನನ್ನು ನೀರಿನ ಹತ್ತಿರ ಬಿಡುವುದಿಲ್ಲ.

ಹೋದ ಮೇಲೆ ಉಂಗುರ, ಸರ, ಗಡಿಯಾರ ತೆಗೆಯಿರಿ ಅನ್ನುತ್ತಾರೆ. ಪ್ರಾಣಿಯ ಚರ್ಮಕ್ಕೆ ಗೀರು ಬೀಳಬಾರದು, ಅದು ಆಭರಣ ನುಂಗಲೂಬಾರದು. ಸನ್‌ಸ್ಕ್ರೀನ್ ತೊಳೆದುಕೊಂಡು ಬನ್ನಿ ಅನ್ನುತ್ತಾರೆ. ಆಮೇಲೆ ಸೊಂಟದ ಮಟ್ಟದ ನೀರಿನಲ್ಲಿರುವ ಕಟ್ಟೆಯ ಮೇಲೆ ಎಂಟು ಹತ್ತು ಜನರ ಗುಂಪನ್ನು ನಿಲ್ಲಿಸುತ್ತಾರೆ. ತರಬೇತುದಾರರು ಕೈಸನ್ನೆ ಮಾಡಿದರೆ ಡಾಲ್ಫಿನ್ ಬಂದು ಕೆನ್ನೆಗೆ ಮೂತಿ ತಾಗಿಸುತ್ತದೆ. ಇನ್ನೊಂದು ಸನ್ನೆಗೆ ಮಗುಚಿ ಹೊಟ್ಟೆ ತೋರಿಸುತ್ತದೆ. ಹೆಚ್ಚು ಕೊಟ್ಟವರನ್ನು ಬೆನ್ನಿನ ಈಜುರೆಕ್ಕೆ ಹಿಡಿಸಿ ಎಳೆದುಕೊಂಡು ಹೋಗುತ್ತದೆ, ಇಲ್ಲವೇ ಎರಡು ಡಾಲ್ಫಿನ್ ಸೇರಿ ಅಂಗಾಲಿಗೆ ಮೂತಿ ಕೊಟ್ಟು ನೀರಿನಿಂದ ಮೇಲೆತ್ತುತ್ತವೆ. ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಮುಂದಿನ ಗುಂಪು ಆಗಲೇ ಕಾಯುತ್ತಿರುತ್ತದೆ.

ಇನ್ನೊಮ್ಮೆ ಇಂಥ ವಿಡಿಯೋ ನೋಡುವಾಗ ಮಕ್ಕಳನ್ನು ಬಿಟ್ಟು ತರಬೇತುದಾರರ ಕೈಯನ್ನೇ ನೋಡಿ. ಪ್ರತಿ ಆಟ ಮುಗಿದ ತಕ್ಷಣ ಸಣ್ಣ ಸೀಟಿ ಊದುತ್ತಾರೆ, ಸೊಂಟದ ಡಬ್ಬಿಯಿಂದಲೋ ಪಕ್ಕದ ಬಕೆಟ್‌ನಿಂದಲೋ ಒಂದು ಮೀನು ಹೋಗುತ್ತದೆ. ಸೀಟಿ ಅಂದರೆ ‘ಸರಿಯಾಗಿ ಮಾಡಿದೆ, ಮೀನು ಬರುತ್ತದೆ’ ಎಂಬ ಸಂಕೇತ. ಇದರಲ್ಲಿ ಗುಟ್ಟೇನೂ ಇಲ್ಲ, ನಾಯಿಗೆ ಬಿಸ್ಕತ್ತು ಕೊಟ್ಟು ಕಲಿಸುವ ರೀತಿಯೇ. ಒಂದು ವ್ಯತ್ಯಾಸ ಮಾತ್ರ ಉಂಟು. ಆ ಮೀನು ಹಬ್ಬದ ಸಿಹಿಯಂತೆ ಹೆಚ್ಚುವರಿ ತಿಂಡಿಯಾಗಿರುವುದು ಕಡಿಮೆ, ಸಾಮಾನ್ಯವಾಗಿ ಅದು ದಿನದ ಊಟದ್ದೇ ಒಂದು ಪಾಲು. ಕಡಲಲ್ಲಿ ಜೀವಂತ ಮೀನು ಅಟ್ಟಿ ಹಿಡಿಯುವ ಪ್ರಾಣಿ ಇಲ್ಲಿ ತಿನ್ನುವುದು ಮಂಜುಗಟ್ಟಿಸಿ ಕರಗಿಸಿದ ಮೀನು. ಹಾಗೆ ಇಟ್ಟ ಮೀನಿನಲ್ಲಿ ಬಿ-1 ಜೀವಸತ್ವ ಕಡಿಮೆಯಾಗುವುದರಿಂದ ಮಾತ್ರೆಯನ್ನೂ ಅದರೊಳಗೆ ತುರುಕಿ ಕೊಡುತ್ತಾರೆ.

ಹಾಗಾದರೆ ಆ ‘ಮುತ್ತು’? ಅದು ಕಲಿಸಿದ ಪಾಠ. ನಿಮ್ಮ ಮಗುವಿನ ಬದಲು ಒಂದು ರಬ್ಬರ್ ಚೆಂಡನ್ನು ಹಿಡಿದು ಅದೇ ಸನ್ನೆ ಮಾಡಿದರೂ ಡಾಲ್ಫಿನ್ ಬಂದು ಮೂತಿ ತಾಗಿಸೀತು.

ಆ ನಗು ಎಲ್ಲಿಂದ ಬಂತು?

ಈ ಪ್ರವಾಸಗಳಲ್ಲಿ ನಾವು ನೋಡುವುದು ಹೆಚ್ಚಾಗಿ ಬಾಟಲ್‌ನೋಸ್ ಡಾಲ್ಫಿನ್. ಅದರ ದವಡೆಯ ಅಂಚು ಬಾಯಿಯ ಕೊನೆಯಲ್ಲಿ ಮೇಲಕ್ಕೆ ತಿರುಗಿರುತ್ತದೆ. ನಮಗೆ ಅದು ನಗುವಿನ ಗೆರೆಯಂತೆ ಕಾಣುತ್ತದೆ. ನಮ್ಮ ಮುಖದಲ್ಲಿ ಭಾವ ತೋರಿಸುವ ಸಣ್ಣ ಸಣ್ಣ ಸ್ನಾಯುಗಳು ಹಲವಿವೆ, ಡಾಲ್ಫಿನ್‌ನ ತುಟಿ ಕೆನ್ನೆ ಹಾಗೆ ಅಲುಗುವುದಿಲ್ಲ. ಹೊಟ್ಟೆ ತುಂಬಿರಲಿ, ಜ್ವರ ಬಂದಿರಲಿ, ಬಲೆಗೆ ಸಿಕ್ಕಿ ಒದ್ದಾಡುತ್ತಿರಲಿ, ಗೆರೆ ಅದೇ. ಸತ್ತು ದಡಕ್ಕೆ ಬಿದ್ದ ಡಾಲ್ಫಿನ್ ಫೋಟೋ ಸಿಕ್ಕರೆ ನೋಡಿ, ಅದೂ ‘ನಗುತ್ತಲೇ’ ಇರುತ್ತದೆ.

ಈ ಒಂದು ಗೆರೆ ಇಡೀ ಉದ್ಯಮಕ್ಕೆ ಜಾಹೀರಾತು. ಆನೆ ಸರಪಳಿಯಲ್ಲಿ ತೂಗಾಡುವುದನ್ನು ಕಂಡರೆ ನಮಗೆ ಕಸಿವಿಸಿಯಾಗುತ್ತದೆ, ಬೋನಿನಲ್ಲಿ ಅತ್ತಿಂದಿತ್ತ ಸುತ್ತುವ ಹುಲಿಯನ್ನು ಕಂಡರೆ ಅಯ್ಯೋ ಅನಿಸುತ್ತದೆ. ಡಾಲ್ಫಿನ್ ಕಂಡರೆ ಹಾಗೆ ಅನಿಸಲು ಅದರ ಮುಖವೇ ಬಿಡುವುದಿಲ್ಲ.

ಅದರ ಮನಸ್ಥಿತಿ ತಿಳಿಯಬೇಕೆಂದರೆ ಬೇರೆ ಕಡೆ ನೋಡಬೇಕು. ಬಾಲದಿಂದ ನೀರಿಗೆ ಬಡಿಯುವುದು, ದವಡೆಯನ್ನು ಟಪ್ಪೆಂದು ಮುಚ್ಚುವುದು, ಬಾಯಿ ಅಗಲಿಸಿ ತಲೆ ಅಲ್ಲಾಡಿಸುವುದು ಸಿಟ್ಟಿನ ಇಲ್ಲವೇ ಎಚ್ಚರಿಕೆಯ ಲಕ್ಷಣವಾಗಿರಬಹುದು. ವರ್ಷಗಟ್ಟಲೆ ಜೊತೆಗಿರುವ ತರಬೇತುದಾರರಿಗೆ ಇದು ತಿಳಿಯುತ್ತದೆ. ಹಡಗಿನಿಂದ ಇಳಿದು ಬಂದ ಕುಟುಂಬಕ್ಕೆ ತಿಳಿಯುವುದಿಲ್ಲ, ಬಾಯಿ ಅಗಲಿಸಿದ ಕೂಡಲೇ ಅವರು ಫೋಟೋ ಹೊಡೆಸಿಕೊಳ್ಳುತ್ತಾರೆ.

ಡಾಲ್ಫಿನ್ ‘ತರಂಗ’ ಚಿಕಿತ್ಸೆ: ಮುಖ್ಯ ಪ್ರಶ್ನೆ ಇದೇ

ಈ ನಂಬಿಕೆ ವಾಟ್ಸಾಪ್‌ಗಿಂತ ಹಳೆಯದು. 1970ರ ದಶಕದಲ್ಲಿ ಫ್ಲಾರಿಡಾದ ಮಾನವಶಾಸ್ತ್ರಜ್ಞೆ ಬೆಟ್ಸಿ ಸ್ಮಿತ್, ಬೌದ್ಧಿಕ ಸವಾಲುಳ್ಳವರು ಡಾಲ್ಫಿನ್‌ಗಳ ಜೊತೆ ಬೆರೆಯುವ ರೀತಿಯನ್ನು ಗಮನಿಸಿ ಅಧ್ಯಯನ ಶುರುಮಾಡಿದರು. ಅಲ್ಲಿಂದ ಮುಂದೆ ಹಲವು ದೇಶಗಳಲ್ಲಿ ‘ಡಾಲ್ಫಿನ್ ಥೆರಪಿ’ ಕೇಂದ್ರಗಳು ಹುಟ್ಟಿಕೊಂಡವು. ಕೆಲವು ಕಡೆ ವಾರ, ಎರಡು ವಾರದ ಪ್ಯಾಕೇಜಿಗೆ ಸಾವಿರಾರು ಡಾಲರ್. ಆದರೆ ಸ್ಮಿತ್ ಅವರೇ ಮುಂದೆ ಈ ಕೆಲಸವನ್ನು ಕೈಬಿಟ್ಟರು. ಕಷ್ಟದಲ್ಲಿರುವ ಕುಟುಂಬವನ್ನೂ ಪ್ರಾಣಿಯನ್ನೂ ಒಟ್ಟಿಗೆ ಬಳಸಿಕೊಂಡಂತೆ ಆಗುತ್ತಿದೆ ಎಂಬುದು ಅವರ ಆಕ್ಷೇಪವಾಗಿತ್ತು.

ಮೊದಲು ‘ತರಂಗ’ದ ವಿಷಯ. ಡಾಲ್ಫಿನ್ ತಲೆಯಿಂದ ಶಬ್ದ ಹೊರಡುವುದು ಸತ್ಯ. ಅದು ಟಿಕ್ ಟಿಕ್ ಎಂಬ ಕ್ಲಿಕ್‌ಗಳನ್ನು ಹೊರಡಿಸಿ, ಪ್ರತಿಧ್ವನಿ ಕೇಳಿ, ಮುಂದೆ ಏನಿದೆ ಎಂದು ತಿಳಿಯುತ್ತದೆ. ಬಾವಲಿ ಮಾಡುವುದೂ ಇದನ್ನೇ. ಬಾವಲಿ ಮನೆಯೊಳಗೆ ಬಂದರೆ ಮಗುವಿಗೆ ಒಳ್ಳೆಯದು ಎಂದು ಯಾರೂ ಫಾರ್ವರ್ಡ್ ಮಾಡುವುದಿಲ್ಲ ಅಷ್ಟೆ. ಮಂಡಿ ನೋವಿಗೆ ಫಿಸಿಯೋಥೆರಪಿಯಲ್ಲಿ ಕೊಡುವ ಅಲ್ಟ್ರಾಸೌಂಡ್ ನಿಮಗೆ ಗೊತ್ತಿರಬಹುದು. ಜೆಲ್ ಹಚ್ಚಿ, ಯಂತ್ರದ ತುದಿಯನ್ನು ಚರ್ಮಕ್ಕೆ ತಾಗಿಸಿ, ಕೆಲವು ನಿಮಿಷ ಒಂದೇ ಜಾಗಕ್ಕೆ ಕೊಡುತ್ತಾರೆ, ಹಲವು ದಿನ ಮುಂದುವರಿಸುತ್ತಾರೆ. ಅದರ ಆವರ್ತನ ಸಾಮಾನ್ಯವಾಗಿ 1ರಿಂದ 3 ಮೆಗಾಹರ್ಟ್ಸ್. ಡಾಲ್ಫಿನ್ ಕ್ಲಿಕ್‌ಗಳ ಶಕ್ತಿ ಹೆಚ್ಚಾಗಿರುವುದು ಸುಮಾರು 120, 130 ಕಿಲೋಹರ್ಟ್ಸ್ ಆಸುಪಾಸು, ಅಂದರೆ ಅದರ ಎಂಟನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಒಂದೊಂದು ಕ್ಲಿಕ್ ಇರುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಎಷ್ಟೋ ಕಡಿಮೆ ಹೊತ್ತು. ಡಾಲ್ಫಿನ್ ಒಂದೇ ಮಗುವಿನ ತಲೆಗೆ ಗುರಿಯಿಟ್ಟು ನಿಲ್ಲುವುದೂ ಇಲ್ಲ. ಜರ್ಮನಿಯ ಸಂಶೋಧಕರು ಇಂಥ ಕೇಂದ್ರದಲ್ಲಿ ಡಾಲ್ಫಿನ್‌ಗಳ ವರ್ತನೆಯನ್ನು ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ, ಚಿಕಿತ್ಸೆಗೆ ಬೇಕಾದಷ್ಟು ಅಲ್ಟ್ರಾಸೌಂಡ್ ಇಲ್ಲಿ ಸಿಗುತ್ತದೆ ಎಂಬ ವಾದವನ್ನು ಒಪ್ಪಲಿಲ್ಲ. ಅಷ್ಟಕ್ಕೂ ಫಿಸಿಯೋಥೆರಪಿಯ ಅಲ್ಟ್ರಾಸೌಂಡ್ ಕೂಡ ಆಟಿಸಂಗೆ ಕೊಡುವ ಚಿಕಿತ್ಸೆಯಲ್ಲ.

ತರಂಗ ಬಿಡಿ, ಮಕ್ಕಳು ಸುಧಾರಿಸಿದ್ದಾರೆ ಎಂಬ ವರದಿಗಳಿವೆಯಲ್ಲ? ಇವೆ. ನರವಿಜ್ಞಾನಿ ಲೋರಿ ಮರೀನೋ ಮತ್ತು ಮನಶ್ಶಾಸ್ತ್ರಜ್ಞ ಸ್ಕಾಟ್ ಲಿಲಿಯನ್‌ಫೆಲ್ಡ್ ಅಂಥ ಅಧ್ಯಯನಗಳನ್ನು 1998ರಲ್ಲಿ ಒಮ್ಮೆ, 2007ರಲ್ಲಿ ಇನ್ನೊಮ್ಮೆ ಒಂದೊಂದಾಗಿ ಪರಿಶೀಲಿಸಿದರು. ಹೋಲಿಸಲು ಸರಿಯಾದ ಇನ್ನೊಂದು ಗುಂಪು ಇರಲಿಲ್ಲ, ಮಗು ಸುಧಾರಿಸಿದೆಯೇ ಎಂದು ಅಳೆದವರಿಗೆ ಯಾವ ಮಗು ಡಾಲ್ಫಿನ್ ಜೊತೆ ಇತ್ತೆಂದು ಗೊತ್ತಿತ್ತು, ದೀರ್ಘಕಾಲದ ಪರಿಣಾಮ ನೋಡಿರಲಿಲ್ಲ. ಸ್ವಲ್ಪ ಹೊತ್ತು ಮನಸ್ಸು ಉಲ್ಲಾಸಗೊಳ್ಳುವುದಕ್ಕಿಂತ ಹೆಚ್ಚಿನ ಲಾಭವಿದೆ ಎನ್ನಲು ಗಟ್ಟಿ ಆಧಾರವಿಲ್ಲ ಎಂಬುದು ಅವರ ತೀರ್ಮಾನ.

ಡಾಲ್ಫಿನ್ ಥೆರಪಿಯ ಪರವಾಗಿ ಪದೇ ಪದೇ ತೋರಿಸುವ ಇನ್ನೊಂದು ಅಧ್ಯಯನವಿದೆ, ಅದನ್ನು ಹೇಳದೆ ಬಿಟ್ಟರೆ ಅನ್ಯಾಯ. ಹೊಂಡುರಾಸ್‌ನಲ್ಲಿ ನಡೆದ ಅದು 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಸೌಮ್ಯ ಅಥವಾ ಮಧ್ಯಮ ಪ್ರಮಾಣದ ಖಿನ್ನತೆ ಇದ್ದ 30 ವಯಸ್ಕರಲ್ಲಿ ಅರ್ಧ ಜನ ಎರಡು ವಾರ ಡಾಲ್ಫಿನ್‌ಗಳ ಜೊತೆ, ಉಳಿದವರು ಡಾಲ್ಫಿನ್ ಇಲ್ಲದೆ ಹವಳದ ದಿಬ್ಬಗಳ ನಡುವೆ ಈಜಿದರು. ಎರಡೂ ಗುಂಪಿನವರು ಚೇತರಿಸಿಕೊಂಡರು, ಡಾಲ್ಫಿನ್ ಗುಂಪಿನವರು ಹೆಚ್ಚು. ಆದರೆ ಡಾಲ್ಫಿನ್ ಆಸೆಯಿಂದ ದೂರದ ದ್ವೀಪಕ್ಕೆ ಬಂದವರಿಗೆ ಅದು ಸಿಗದೇ ಹೋದಾಗ ಆಗುವ ನಿರಾಸೆಯೂ ಈ ಅಂಕಗಳಲ್ಲಿ ಸೇರಿರುತ್ತದಲ್ಲವೇ? ಗುಂಪೂ ಬಹಳ ಚಿಕ್ಕದು. ಎಲ್ಲಕ್ಕಿಂತ ಮುಖ್ಯವಾಗಿ ಅದು ದೊಡ್ಡವರ ಖಿನ್ನತೆಯ ಬಗ್ಗೆ, ಮಕ್ಕಳ ಆಟಿಸಂ ಬಗ್ಗೆ ಅಲ್ಲ.

ಇಲ್ಲೊಂದು ಮಾತು. ಆಟಿಸಂ ಇರುವ ಮಗುವಿನ ತಂದೆತಾಯಿ ಇಂಥ ಸಂದೇಶ ನಂಬಿದರೆ ನಗುವಂಥದ್ದೇನಿಲ್ಲ. ಮಾತು ಬರಲಿ ಎಂದು ಹರಕೆ ಹೊರುವವರು, ಡಯಟ್ ಬದಲಿಸುವವರು, ಯಾವುದೋ ಎಣ್ಣೆ ತರಿಸುವವರು ನಮ್ಮ ನಡುವೆಯೇ ಇದ್ದಾರೆ. ನೀರಿಗೆ ಇಳಿದ ಮಗು ಅಂದು ಖುಷಿಯಿಂದ ನಕ್ಕರೆ, ಹೊಸ ಶಬ್ದವೊಂದನ್ನು ಆಡಿದರೆ ಅದು ಸುಳ್ಳಲ್ಲ. ಅಂದು ಮಗುವಿನ ಸುತ್ತ ಅಪ್ಪ, ಅಮ್ಮ, ರಜೆ, ನೀರು, ಬಿಸಿಲು ಎಲ್ಲ ಇತ್ತು, ಯಾರ ಕೈಯಲ್ಲೂ ಫೋನ್ ಇರಲಿಲ್ಲ. ಅದರಲ್ಲಿ ಡಾಲ್ಫಿನ್‌ನ ಪಾಲು ಎಷ್ಟು ಎಂದು ಬೇರ್ಪಡಿಸಿ ತೋರಿಸಲು ಯಾರಿಂದಲೂ ಆಗಿಲ್ಲ. ಇನ್ನೊಂದು ಕಡೆಯೂ ಇದೆ. ಆಟಿಸಂ ಇರುವ ಕೆಲವು ಮಕ್ಕಳಿಗೆ ಹೊಸ ಜಾಗ, ಜೋರು ಸೀಟಿ, ಮೈಗೆ ತಾಗುವ ತಣ್ಣನೆಯ ದೊಡ್ಡ ಪ್ರಾಣಿ, ಬಿಗಿ ಜಾಕೆಟ್ ಇವೆಲ್ಲ ತಡೆಯಲಾಗದ ಹಿಂಸೆಯಾಗುತ್ತದೆ.

ಸ್ಪೀಚ್ ಥೆರಪಿ, ಆಕ್ಯುಪೇಷನಲ್ ಥೆರಪಿ, ಮನೆಯವರಿಗೆ ತರಬೇತಿ ಇವು ನಿಧಾನದ ದಾರಿಗಳು. ಫೋಟೋ ಚೆನ್ನಾಗಿ ಬರುವುದಿಲ್ಲ, ಫಾರ್ವರ್ಡ್ ಆಗುವುದಿಲ್ಲ. ನಮ್ಮಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇಂಥ ಮಕ್ಕಳಿಗೆ ಸೇವೆ ಕೊಡುತ್ತವೆ. ಅಮೆರಿಕದಲ್ಲಾದರೆ ಮಗುವಿನ ಶಾಲೆಯಲ್ಲೇ ಕೇಳಬಹುದು.

‘ಮನುಷ್ಯರಿಗೆ ಎಂದೂ ತೊಂದರೆ ಮಾಡುವುದಿಲ್ಲ’: ತಪ್ಪು

ಬಾಟಲ್‌ನೋಸ್ ಡಾಲ್ಫಿನ್ ದೊಡ್ಡದಾದರೆ ಎರಡೂವರೆ, ಮೂರು ಮೀಟರ್ ಉದ್ದ, ಇನ್ನೂರು ಮುನ್ನೂರು ಕಿಲೋ ತೂಕ. ಬಾಯಲ್ಲಿ ಎಂಬತ್ತರಿಂದ ನೂರರವರೆಗೆ ಚೂಪು ಹಲ್ಲು. ಅವು ತಮ್ಮತಮ್ಮಲ್ಲೇ ಜಗಳವಾಡಿ ಹಲ್ಲಿನಿಂದ ಗೀರುತ್ತವೆ. ಸ್ಕಾಟ್ಲೆಂಡಿನ ಮೋರೇ ಫರ್ತ್ ಎಂಬಲ್ಲಿ ದಡಕ್ಕೆ ಬೀಳುತ್ತಿದ್ದ ಪಾರ್ಪಸ್‌ಗಳನ್ನು, ಅಂದರೆ ಡಾಲ್ಫಿನ್‌ನ ಚಿಕ್ಕ ಸಂಬಂಧಿಗಳನ್ನು, ಗುದ್ದಿ ಕೊಲ್ಲುತ್ತಿದ್ದುದು ಬಾಟಲ್‌ನೋಸ್‌ಗಳೇ ಎಂದು 1990ರ ದಶಕದಲ್ಲಿ ಗೊತ್ತಾಯಿತು. ಬ್ರೆಜಿಲ್‌ನಲ್ಲಿ 1994ರಲ್ಲಿ, ಜನ ತಿಯಾವ್ ಎಂದು ಹೆಸರಿಟ್ಟಿದ್ದ ಕಾಡು ಡಾಲ್ಫಿನ್ ಒಂದು ತನ್ನನ್ನು ಕಾಡುತ್ತಿದ್ದ ಈಜುಗಾರನಿಗೆ ಗುದ್ದಿ ಆತ ಸತ್ತ. ಜಪಾನಿನ ಫುಕುಯಿ ಕರಾವಳಿಯಲ್ಲಿ 2022ರಿಂದೀಚೆಗೆ ಬೇಸಿಗೆಯಲ್ಲಿ ಹಲವು ಈಜುಗಾರರಿಗೆ ಡಾಲ್ಫಿನ್ ಕಚ್ಚಿದೆ.

ಹಾಗಂತ ಪ್ರವಾಸಿ ಕೇಂದ್ರದಲ್ಲಿ ದಿನಾ ಯಾರಿಗೋ ಗಾಯವಾಗುತ್ತದೆ ಎಂದೇನಲ್ಲ. ಬಹುತೇಕರು ನಗುತ್ತಲೇ ವಾಪಸ್ ಬರುತ್ತಾರೆ. ಆದರೆ ಅಲ್ಲಿ ಸಹಿ ಹಾಕಿಸಿಕೊಳ್ಳುವ ಹೊಣೆ ಪತ್ರದಲ್ಲಿ ಕಡಿತ, ಪೆಟ್ಟು, ಮುಳುಗುವ ಅಪಾಯ ಎಲ್ಲವೂ ಬರೆದಿರುತ್ತದೆ. ಅಲ್ಲಿ ‘ಎಂದೂ ತೊಂದರೆ ಮಾಡದ ಪ್ರಾಣಿ’ ಎಂಬ ಮಾತು ಇರುವುದಿಲ್ಲ. ಗರ್ಭಿಣಿಯರನ್ನು ಹೆಚ್ಚಿನ ಕಡೆ ನೀರಿಗೆ ಬಿಡುವುದಿಲ್ಲ. ಮೈಮೇಲೆ ತೆರೆದ ಗಾಯವಿದ್ದವರೂ ಇಳಿಯಬಾರದು, ಪ್ರಾಣಿಯಿಂದ ಮನುಷ್ಯನಿಗೆ, ಮನುಷ್ಯನಿಂದ ಪ್ರಾಣಿಗೆ ಸೋಂಕು ದಾಟಬಹುದು.

ಡಾಲ್ಫಿನ್ ಮುಳುಗುವವರನ್ನು ದಡಕ್ಕೆ ತಳ್ಳಿ ಕಾಪಾಡುತ್ತದೆ ಎಂಬ ಕಥೆಗಳು? ನ್ಯೂಜಿಲೆಂಡ್‌ನಲ್ಲಿ 2004ರಲ್ಲಿ ಡಾಲ್ಫಿನ್‌ಗಳು ಸುತ್ತ ಕೋಟೆ ಕಟ್ಟಿದಂತೆ ನಿಂತು ಶಾರ್ಕ್‌ನಿಂದ ತಮ್ಮನ್ನು ಕಾಪಾಡಿದವೆಂದು ಈಜುಗಾರರು ಹೇಳಿದ್ದು ಸುದ್ದಿಯಾಗಿತ್ತು. ಇಂಥವು ಪೂರಾ ಕಟ್ಟುಕತೆ ಎಂದು ತಳ್ಳಿಹಾಕಬೇಕಿಲ್ಲ. ಒಂದನ್ನು ಮಾತ್ರ ನೆನಪಿಡಿ: ದಡದ ಕಡೆಗೆ ತಳ್ಳಿಸಿಕೊಂಡವರು ಬದುಕಿ ಬಂದು ಕಥೆ ಹೇಳುತ್ತಾರೆ. ಕಡಲಿನ ಕಡೆಗೆ ತಳ್ಳಿಸಿಕೊಂಡವರು ಹೇಳಲು ಬರುವುದಿಲ್ಲ.

‘ಅವು ಸಮುದ್ರದಲ್ಲೇ ಇವೆಯಲ್ಲ?’

ಇದು ಹೋಗಿ ಬಂದವರು ಹೇಳುವ ಮಾತು. ಗಾಜಿನ ತೊಟ್ಟಿ ಇರಲಿಲ್ಲ, ನಿಜವಾದ ಸಮುದ್ರದ ನೀರೇ ಇತ್ತು ಅನ್ನುತ್ತಾರೆ. ಹಲವು ಕೇಂದ್ರಗಳು ದಡದ ಬಳಿ ಬಲೆ ಅಥವಾ ಬೇಲಿ ಹಾಕಿದ ಆವರಣಗಳು, ಆದ್ದರಿಂದ ನೀರು ಸಮುದ್ರದ್ದೇ. ಸಿಮೆಂಟ್ ತೊಟ್ಟಿಗಿಂತ ಅದು ವಾಸಿ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಡಾಲ್ಫಿನ್ ಆಚೆ ಹೋಗಲು ಆಗುವುದಿಲ್ಲ. ಅಮೆರಿಕದ ನಿಯಮದಂತೆ ಬಾಟಲ್‌ನೋಸ್ ಡಾಲ್ಫಿನ್ ಇಡುವ ಕೊಳದ ಅಡ್ಡಳತೆ ಕನಿಷ್ಠ 7.3 ಮೀಟರ್, ಆಳ 1.8 ಮೀಟರ್ ಇದ್ದರೆ ಸಾಕು. ನಮ್ಮ ಮದುವೆ ಮಂಟಪದ ವೇದಿಕೆ ಕೆಲವು ಕಡೆ ಇದಕ್ಕಿಂತ ಅಗಲವಿರುತ್ತದೆ. ಫ್ಲಾರಿಡಾದ ಸರಸೋಟಾ ಕೊಲ್ಲಿಯಲ್ಲಿ 1970ರಿಂದ ಇದೇ ಜಾತಿಯ ಕಾಡು ಡಾಲ್ಫಿನ್‌ಗಳನ್ನು ವಿಜ್ಞಾನಿಗಳು ತಲೆಮಾರುಗಳವರೆಗೆ ಹಿಂಬಾಲಿಸಿದ್ದಾರೆ. ಅಲ್ಲಿ ಅವುಗಳ ಓಡಾಟದ ಜಾಗವನ್ನು ಚದರ ಕಿಲೋಮೀಟರ್‌ಗಳಲ್ಲಿ ಲೆಕ್ಕ ಹಾಕಬೇಕು. ಅಜ್ಜಿ, ತಾಯಿ, ಮರಿ ಒಂದೇ ಕೊಲ್ಲಿಯಲ್ಲಿ ಬದುಕುತ್ತವೆ. ಪ್ರತಿ ಡಾಲ್ಫಿನ್‌ಗೂ ತನ್ನದೇ ಒಂದು ಸಿಳ್ಳೆ ಇದೆ, ಹೆಚ್ಚು ಕಡಿಮೆ ಹೆಸರಿನ ಹಾಗೆ. ಹಳೆಯ ಜೊತೆಗಾರನ ಸಿಳ್ಳೆಯನ್ನು ಇಪ್ಪತ್ತು ವರ್ಷದ ಮೇಲೂ ಗುರುತಿಸುತ್ತವೆ ಎಂದು 2013ರ ಒಂದು ಅಧ್ಯಯನ ತೋರಿಸಿತು.

ಅವು ಆ ಆವರಣಕ್ಕೆ ಬಂದದ್ದು ಹೇಗೆ? ಈಗ ಹಲವು ಅಲ್ಲೇ ಹುಟ್ಟಿದವು. ಎಲ್ಲವೂ ಅಲ್ಲ. 2003ರಲ್ಲಿ ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳಲ್ಲಿ ಹಿಡಿದ 28 ಡಾಲ್ಫಿನ್‌ಗಳನ್ನು ವಿಮಾನದಲ್ಲಿ ಮೆಕ್ಸಿಕೋದ ಕಾನ್‌ಕುನ್‌ಗೆ ತಂದರು. ಕೊಸುಮೆಲ್ ಬಂದರು ಇರುವುದು ಅದೇ ಕರಾವಳಿಯಲ್ಲಿ. 2007ರಲ್ಲಿ ಇನ್ನೊಂದು ತಂಡ ದುಬೈಗೆ ಹೋಯಿತು.

ಕೆಲವು ಡಾಲ್ಫಿನ್‌ಗಳ ಹಾದಿ ಇನ್ನೂ ವಿಚಿತ್ರ. 2005ರಲ್ಲಿ ಕತ್ರೀನಾ ಚಂಡಮಾರುತ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಗಲ್ಫ್‌ಪೋರ್ಟ್‌ಗೆ ಬಡಿದಾಗ ಅಲ್ಲಿನ ಒಂದು ಸಾಗರ ಪಾರ್ಕ್‌ನ ತೊಟ್ಟಿಯಿಂದ 8 ಡಾಲ್ಫಿನ್‌ಗಳು ಅಲೆಯ ಜೊತೆ ತೆರೆದ ಕಡಲಿಗೆ ಕೊಚ್ಚಿಹೋದವು. ಸುಮಾರು ಹನ್ನೆರಡು ದಿನದ ಮೇಲೆ ಹುಡುಕಿದವರಿಗೆ ಎಂಟೂ ಒಟ್ಟಿಗೆ ಸಿಕ್ಕಿದವು. ಗಾಯವಾಗಿತ್ತು, ಬಡಕಲಾಗಿದ್ದವು, ತಾವೇ ಮೀನು ಹಿಡಿದು ತಿನ್ನುವ ಅಭ್ಯಾಸ ತಪ್ಪಿತ್ತು, ತರಬೇತುದಾರರನ್ನು ಗುರುತಿಸಿ ಹತ್ತಿರ ಬಂದವು. ಇಲ್ಲಿವರೆಗಿನ ಭಾಗ ಫಾರ್ವರ್ಡ್‌ಗಳಲ್ಲಿ ಸಿಗುತ್ತದೆ, ‘ಪ್ರೀತಿಗೆ ಮರಳಿದ ಡಾಲ್ಫಿನ್‌ಗಳು’ ಎಂಬ ಹೆಸರಿನಲ್ಲಿ. ಮುಂದಿನ ಭಾಗ ಸಿಗುವುದಿಲ್ಲ: ಆ ಪಾರ್ಕ್‌ನ ಡಾಲ್ಫಿನ್‌ಗಳನ್ನು ಬಹಾಮಾಸ್‌ನ ನಸ್ಸಾವ್‌ನ ದೊಡ್ಡ ರೆಸಾರ್ಟ್ ಒಂದು ಪಡೆದುಕೊಂಡಿತು, ಪ್ರವಾಸಿಗರು ಇಳಿದು ಈಜುವ ಹೊಸ ಕೊಳಗಳಿಗೆ.

ವಿರುದ್ಧ ಬಣದ ಫಾರ್ವರ್ಡ್‌ಗಳನ್ನೂ ಕಣ್ಣುಮುಚ್ಚಿ ಕಳಿಸಬೇಡಿ. ‘ಸೆರೆಯಲ್ಲಿ ಡಾಲ್ಫಿನ್ ಎರಡೇ ವರ್ಷ ಬದುಕುತ್ತದೆ’ ಎಂಬ ಸಂದೇಶ ಈಗ ಎಲ್ಲ ಕಡೆಗೂ ಹೊಂದುವುದಿಲ್ಲ. ಅಮೆರಿಕದ ಕೇಂದ್ರಗಳ ದಾಖಲೆ ನೋಡಿದ 2019ರ ಒಂದು ಅಧ್ಯಯನ, ಅಲ್ಲಿನ ಬಾಟಲ್‌ನೋಸ್‌ಗಳ ಆಯುಷ್ಯ ಹಿಂದಿಗಿಂತ ಹೆಚ್ಚಿದೆ, ಕಡಲಿನವುಗಳಿಗೆ ಸರಿಸಮ ಇದೆ ಎಂದಿತು. ಎಷ್ಟು ವರ್ಷ ಬದುಕುತ್ತದೆ ಎಂಬುದೂ ಹೇಗೆ ಬದುಕುತ್ತದೆ ಎಂಬುದೂ ಬೇರೆ ಬೇರೆ ಪ್ರಶ್ನೆ, ಅದು ನನ್ನ ಅಭಿಪ್ರಾಯ. 2025ರ ಆಗಸ್ಟ್‌ನಲ್ಲಿ ಹರಿದಾಡಿದ, ಜೆಸ್ಸಿಕಾ ಎಂಬ ತರಬೇತುದಾರಳನ್ನು ಓರ್ಕಾ ತಿಂದ ವಿಡಿಯೋವೂ ಪೂರ್ತಿ ಸುಳ್ಳು, ಎಐ ಸೃಷ್ಟಿ. (ಓರ್ಕಾ ಡಾಲ್ಫಿನ್ ಕುಟುಂಬದ ಅತಿ ದೊಡ್ಡ ಸದಸ್ಯ.) ಇಟಲಿಯ ವೆನಿಸ್ ಕಾಲುವೆಗೆ ಲಾಕ್‌ಡೌನ್‌ನಲ್ಲಿ ಡಾಲ್ಫಿನ್ ಬಂದವೆಂಬ 2020ರ ವಿಡಿಯೋ ಕೂಡ ವೆನಿಸ್‌ನದ್ದಲ್ಲ, ಸಾರ್ಡೀನಿಯಾ ದ್ವೀಪದ್ದು.

ಭಾರತ ‘ಮನುಷ್ಯನ ಸ್ಥಾನ’ ಕೊಟ್ಟಿದೆಯೇ?

ಇಲ್ಲ. ನಡೆದದ್ದು ಇಷ್ಟು. 2013ರ ಮೇ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯದ ಅಡಿಯ ಕೇಂದ್ರ ಮೃಗಾಲಯ ಪ್ರಾಧಿಕಾರ, ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ಅನುಮತಿ ಕೊಡಬೇಡಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಡಾಲ್ಫಿನ್‌ಗಳನ್ನು ‘ಮನುಷ್ಯೇತರ ವ್ಯಕ್ತಿ’ ಎಂದು ಕಾಣಬೇಕೆಂದು ಹಲವು ವಿಜ್ಞಾನಿಗಳು ಸೂಚಿಸಿದ್ದಾರೆ ಎಂಬ ಒಂದು ವಾಕ್ಯ ಅದರಲ್ಲಿತ್ತು. ವಿಜ್ಞಾನಿಗಳ ಸೂಚನೆ ಫಾರ್ವರ್ಡ್ ಆಗುತ್ತಾ ಆಗುತ್ತಾ ಸರ್ಕಾರದ ಘೋಷಣೆಯಾಯಿತು. ನಿಷೇಧ ಮಾತ್ರ ನಿಜ, ಆದ್ದರಿಂದಲೇ ನಮ್ಮ ದೇಶದಲ್ಲಿ ಡಾಲ್ಫಿನ್ ಈಜಿನ ಟಿಕೆಟ್ ಸಿಗುವುದಿಲ್ಲ. ಅದಕ್ಕೂ ಮೊದಲು, 1998ರಲ್ಲಿ, ಚೆನ್ನೈ ಬಳಿಯ ‘ಡಾಲ್ಫಿನ್ ಸಿಟಿ’ಗೆ ಬಲ್ಗೇರಿಯಾದಿಂದ ತಂದ ಡಾಲ್ಫಿನ್‌ಗಳು ಕೆಲವೇ ತಿಂಗಳಲ್ಲಿ ಸತ್ತಿದ್ದವು.

ಬೇರೆ ಕಡೆಯೂ ಗಾಳಿ ಬದಲಾಗುತ್ತಿದೆ. ಕೆನಡಾ 2019ರಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳನ್ನು ಹೊಸದಾಗಿ ಸೆರೆಯಲ್ಲಿಡುವುದನ್ನು ನಿಷೇಧಿಸಿತು. ಎಕ್ಸ್‌ಪೀಡಿಯಾ 2021ರಲ್ಲಿ ಸೆರೆ ಡಾಲ್ಫಿನ್‌ಗಳ ಪ್ರದರ್ಶನ, ಈಜಿನ ಟಿಕೆಟ್ ಮಾರುವುದನ್ನು ನಿಲ್ಲಿಸುವುದಾಗಿ ಹೇಳಿತು. ಮೆಕ್ಸಿಕೋ ಸಂಸತ್ತು 2025ರಲ್ಲಿ ಡಾಲ್ಫಿನ್ ಪ್ರದರ್ಶನಗಳಿಗೆ, ಸೆರೆಯಲ್ಲಿ ಮರಿ ಮಾಡಿಸುವುದಕ್ಕೆ ತಡೆ ಹಾಕುವ ಕಾನೂನು ಒಪ್ಪಿತು.

ಹಾಗಾದರೆ ಕಾಡು ಡಾಲ್ಫಿನ್ ಜೊತೆ ಈಜಬಹುದಾ?

ಅಲ್ಲೂ ಒಂದು ತೊಡಕಿದೆ. ಹವಾಯಿಯ ಸ್ಪಿನ್ನರ್ ಡಾಲ್ಫಿನ್‌ಗಳು ರಾತ್ರಿ ಬೇಟೆಯಾಡಿ, ಹಗಲು ದಡದ ಹತ್ತಿರದ ಕೊಲ್ಲಿಗಳಿಗೆ ಬಂದು ವಿಶ್ರಾಂತಿ ಪಡೆಯುತ್ತವೆ. ಪ್ರವಾಸಿ ದೋಣಿಗಳು ಬರುವುದೂ ಹಗಲಲ್ಲೇ. ರಾತ್ರಿ ಪಾಳಿ ಮುಗಿಸಿ ಮಲಗಿದವರ ಮನೆಗೆ ದಿನಾ ಬೆಳಗ್ಗೆ ನೆಂಟರು ಬಂದ ಹಾಗೆ. ಕೊನೆಗೆ ಅಮೆರಿಕ ಸರ್ಕಾರ 2021ರಲ್ಲಿ ಅಲ್ಲಿನ ಮುಖ್ಯ ದ್ವೀಪಗಳ ಬಳಿ ಇವುಗಳ ಜೊತೆ ಈಜುವುದನ್ನು, 50 ಗಜಕ್ಕಿಂತ ಹತ್ತಿರ ಹೋಗುವುದನ್ನು ನಿಷೇಧಿಸಿತು.

ಡಾಲ್ಫಿನ್ ನೋಡಲೇಬೇಕು ಅನ್ನುವವರಿಗೆ ದೋಣಿಯಲ್ಲಿ ಕುಳಿತು ದೂರದಿಂದ ನೋಡುವುದು ಉಳಿದಿರುವ ದಾರಿ. ಅದಕ್ಕೆ ಕೆರಿಬಿಯನ್‌ವರೆಗೆ ಹೋಗಬೇಕಿಲ್ಲ. ನಮ್ಮ ಕಾರವಾರ, ಗೋಕರ್ಣದ ಕಡೆಯ ಕಡಲಲ್ಲಿ ಬೆನ್ನಿನ ಮೇಲೆ ಗೂನು ಇರುವ ಹಂಪ್‌ಬ್ಯಾಕ್ ಡಾಲ್ಫಿನ್‌ಗಳಿವೆ. ಅಳಿವಿನ ಅಂಚಿನಲ್ಲಿರುವ ಜಾತಿ ಅದು. ದೋಣಿಯವರಿಗೆ ‘ಅಣ್ಣ, ಅಟ್ಟಿಸಿಕೊಂಡು ಹೋಗಬೇಡಿ, ಎಂಜಿನ್ ನಿಧಾನ ಮಾಡಿ’ ಎಂದು ಮೊದಲೇ ಹೇಳಿ. ಸುಮ್ಮನಿದ್ದರೆ ಕೆಲವೊಮ್ಮೆ ಅವೇ ಹತ್ತಿರ ಬರುತ್ತವೆ. ಬಾರದೆಯೂ ಇರಬಹುದು, ಆಗ ದುಡ್ಡು ವಾಪಸ್ ಕೇಳಬೇಡಿ.

ಪ್ರಶ್ನೆ ಕಳಿಸಿದ ಓದುಗರಿಗೆ ನಾವು ಬರೆದದ್ದು: ಈಜು ಬುಕ್ ಆಗಿಬಿಟ್ಟಿದ್ದರೆ ಹಡಗಿನ ಕಂಪನಿಯ ರದ್ದತಿ ನಿಯಮವನ್ನು ಈಗಲೇ ನೋಡಿ, ಬಂದರು ತಲುಪುವ ಒಂದೆರಡು ದಿನ ಮೊದಲೇ ರದ್ದು ಮಾಡಿದರೆ ಹಲವು ಕಂಪನಿಗಳು ಹಣ ಕೊಡುತ್ತವೆ. ಮಗುವಿಗೆ ನೀರು ಇಷ್ಟವಿದ್ದರೆ ಅದೇ ಬಂದರಿನಲ್ಲಿ ಆಳವಿಲ್ಲದ, ಗದ್ದಲವಿಲ್ಲದ ಬೀಚ್ ಹುಡುಕಿ. ಅಮ್ಮನಿಗೆ ಈ ಲೇಖನವನ್ನು ಕಳಿಸುವ ಬದಲು ಫೋನ್ ಮಾಡಿ ಹೇಳಿ, ಮೊಮ್ಮಗನ ವಿಷಯವಾದ್ದರಿಂದ ಅವರು ಲಿಂಕ್ ಓದುವುದಕ್ಕಿಂತ ನಿಮ್ಮ ದನಿ ಕೇಳುವುದು ಮುಖ್ಯ. ಎರಡು ದಿನ ಬಿಟ್ಟು ಅವರಿಂದ ಉತ್ತರ ಬಂತು: “ಅಕ್ಕ ಕ್ಯಾನ್ಸಲ್ ಮಾಡಿದಳು. ಅಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ಆ ಮೆಸೇಜ್ ಹಾಕಿದ್ದು ನಮ್ಮ ಚಿಕ್ಕಪ್ಪ, ಅವರಿಗೆ ಹೇಗೆ ಹೇಳೋದು?”